ಖಾಲಿ ರಸ್ತೆಯ ಕಾವಲು

ಒದ್ದೆ ಚಾದರದ ಒಂದು ತುದಿ ಅಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಅಮ್ಮ ಒಂದು ಕಡೆಗೆ ತಿರುಚಿದರೆ ಮಗಳು ಅದಕ್ಕೆ ಎದುರಾಗಿ ತಿರುಚಬೇಕು. ಆದರೆ ಮಗಳ ಮನಸ್ಸು ಆಗಲೇ ಸೇತುವೆಯ ಹತ್ತಿರ ಹೋಗಿ ಕೂತಿತ್ತು. ಇಬ್ಬರೂ ಒಂದೇ ಕಡೆಗೆ ತಿರುಚುತ್ತಿದ್ದುದರಿಂದ ಚಾದರ ನೀರು ಬಿಡದೆ ಸುಮ್ಮನೆ ಹಗ್ಗದಾಟ ಆಡುತ್ತಿತ್ತು.

"ಇದೊಂದು ಹರವಿದ್ರೆ ಆಯ್ತು, ಹೊರಡೋಣ" ಎಂದಳು ಅಮ್ಮ.

ಆಗಲೇ ಗೇಟಿನ ಹೊರಗೆ ಸೀಟಿ ಕೇಳಿಸಿದ್ದು.

ಆ ಬೀದಿಯಲ್ಲಿ ಮಾತಿಗಿಂತ ಮುಂಚೆ ಸೀಟಿ ಊದುವವರು ಒಬ್ಬರೇ. ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿಯ ದಿನ ಚೆಂಡು, ಬಲೆ, ಬೀಗದ ಕೈ ಎಲ್ಲವನ್ನೂ ಶಾಲೆಗೆ ಒಪ್ಪಿಸಿದ್ದರು, ಕೊರಳಿನ ಸೀಟಿಯನ್ನು ಮಾತ್ರ ಒಪ್ಪಿಸಿರಲಿಲ್ಲ. ವರ್ಷಕ್ಕೊಮ್ಮೆ ಊರಂಚಿನ ರಸ್ತೆಗಳಲ್ಲಿ ನಡೆಯುವ ಕಾರು ರ‍್ಯಾಲಿಗೆ ಸ್ವಯಂಸೇವಕರನ್ನು ಹುಡುಕಿ ನಿಲ್ಲಿಸುವುದು ಅವರ ಹೊಣೆ.

"ಆಯ್ತಮ್ಮ, ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಲ್ಲ" ಎಂದರು ಸೀಟಿ ಮೇಷ್ಟ್ರು.

ಮಗಳು ಚಾದರದ ತುದಿಯನ್ನು ಕೈಬಿಟ್ಟಳು.

ಆಯ್ತಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೀದಿಯವರು ಇಟ್ಟದ್ದು. ಮನೆಯಲ್ಲೇ ಕೂತು ಬಟ್ಟೆ ಹೊಲಿದುಕೊಡುವ ಆಕೆಯ ಬಳಿ ಯಾರು ಏನು ಕೇಳಿದರೂ ಬರುತ್ತಿದ್ದ ಉತ್ತರ ಅದೊಂದೇ. ಈ ಪ್ಯಾಂಟು ಸಂಜೆಯೊಳಗೆ ಗಿಡ್ಡ ಆಗಬೇಕು ಎಂದರೆ ಆಯ್ತಪ್ಪ. ಬಾಡಿಗೆಯವರು ಬಂದರೆ ಬೀಗದ ಕೈ ಕೊಟ್ಟುಬಿಡಿ ಎಂದರೆ ಆಯ್ತಮ್ಮ. 'ಇಲ್ಲ' ಎಂಬ ಮಾತು ಅವಳ ಗಂಟಲ ತನಕ ಬರುತ್ತಿತ್ತು. ಅಲ್ಲಿ, ಪರರ ಮನೆಯ ಬಾಗಿಲು ತಟ್ಟಲು ಸಂಕೋಚಪಡುವವರ ಹಾಗೆ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಗೋದಾಮಿನಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಗಂಡ ಒಮ್ಮೊಮ್ಮೆ ತಮಾಷೆ ಮಾಡುತ್ತಿದ್ದ: "ಕಳ್ಳ ಬಂದು ಏಣಿ ಹಿಡ್ಕೊಳ್ಳಿ ಅಂದ್ರೂ ನೀನು ಹಿಡ್ಕೋತೀಯ."

ಕಳೆದ ವರ್ಷ ರ‍್ಯಾಲಿಯ ದಿನವೂ ಹೀಗೇ ಆಗಿತ್ತು. ಪಕ್ಕದ ಮನೆಯಾಕೆ ಮಗುವನ್ನು ತಂದು ಮಡಿಲಿಗೆ ಹಾಕಿ, "ಇದೋ ಬಂದ್ಬಿಟ್ಟೆ" ಎಂದು ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದಳು. ಅಷ್ಟೂ ಹೊತ್ತು ಮಗಳು ಕಿಟಕಿಯ ಸರಳು ಹಿಡಿದು ನಿಂತು, ದೂರದಲ್ಲಿ ಕಾರುಗಳ ಸದ್ದನ್ನು ಕೇಳಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಅಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಮುಂದಿನ ವರ್ಷ ಆಕಾಶ ಕಳಚಿ ಬಿದ್ರೂ ಸರಿ, ಕರ್ಕೊಂಡು ಹೋಗ್ತೀನಿ" ಎಂದು ಅಮ್ಮ ಮಾತು ಕೊಟ್ಟಿದ್ದಳು.

ಆ ಮುಂದಿನ ವರ್ಷ ಬಂದಿತ್ತು. ಮಗಳು ನೋಡಬೇಕಾಗಿದ್ದದ್ದು ಎಲ್ಲ ಕಾರುಗಳನ್ನಲ್ಲ, ಒಂದೇ ಒಂದನ್ನು. ಕೆಂಪು ಕಾರಿನ ಅಕ್ಕ ಎಂದು ಮಕ್ಕಳೆಲ್ಲ ಕರೆಯುತ್ತಿದ್ದ ಚಾಲಕಿಯ ಕಾರನ್ನು. ಇದೇ ತನ್ನ ಕೊನೆಯ ಓಟ, ಇನ್ನು ಸ್ಪರ್ಧೆಗೆ ಇಳಿಯುವುದಿಲ್ಲ ಎಂದು ಅವಳು ಹೇಳಿದ್ದು ಪತ್ರಿಕೆಯಲ್ಲಿ ಬಂದಿತ್ತು. ಹಾಗಾಗಿ ಇನ್ನೊಂದು ಮುಂದಿನ ವರ್ಷ ಇರಲಿಲ್ಲ.

"ಇವತ್ತು ಮಗಳಿಗೆ ಮಾತು ಕೊಟ್ಟಿದೀನಿ ಮೇಷ್ಟ್ರೇ" ಎಂದಳು ಅಮ್ಮ, ಚಾದರವನ್ನು ಒಬ್ಬಳೇ ಎದೆಗವಚಿಕೊಂಡು. "ಸೇತುವೆ ಹತ್ರ ಕೂತು ನೋಡ್ತೀವಿ ಅಂತ."

"ಅಯ್ಯೋ, ನಾನು ಬಂದಿರೋದೂ ಅದಕ್ಕೇನೇ. ಹಂಚಿನ ಕಾರ್ಖಾನೆ ಗಲ್ಲಿ ಮುಂದೆ ನಿಲ್ಲಬೇಕಾಗಿದ್ದ ಔಷಧಿ ಅಂಗಡಿಯವರು ಮೆಟ್ಟಿಲಲ್ಲಿ ಕಾಲು ಉಳುಕಿಸ್ಕೊಂಡು ಕೂತಿದ್ದಾರೆ. ನೀವು ಅಲ್ಲಿ ನಿಂತ್ರೆ ಸಾಕು. ಕೆಲಸ ಅಂತ ಏನೂ ಇಲ್ಲ. ಅಡ್ಡಕ್ಕೆ ಟೇಪು ಕಟ್ಟಿರುತ್ತೆ, ಯಾರನ್ನೂ ದಾಟೋಕೆ ಬಿಡ್ಬಾರ್ದು. ಸೇತುವೆ ಹತ್ರ ಏನಿದೆ? ಜನರ ಬುರುಡೆ ಕಾಣುತ್ತೆ. ಇಲ್ಲಾದ್ರೆ ಕಾರು ಮೂಗಿನ ಮುಂದೇನೇ ಹೋಗುತ್ತೆ. ಮಗೂನೂ ಕರ್ಕೊಂಡ್ ಬನ್ನಿ."

ಅಮ್ಮ ಮಗಳ ಮುಖ ನೋಡಿದಳು. "ಮೂಗಿನ ಮುಂದೇನೇ ಹೋಗುತ್ತಂತೆ" ಎಂದಳು, ಮೇಷ್ಟ್ರ ಮಾತನ್ನು ತಾನೇ ತೂಗಿ ಕೊಡುವವಳ ಹಾಗೆ.

"ಕೇಳಿಸ್ತಮ್ಮ" ಎಂದಳು ಮಗಳು.

ಅಷ್ಟೇ ಅಂದದ್ದು. ಆದರೆ ವಯಸ್ಸಿಗೆ ಮೀರಿದ ಆ ತಾಳ್ಮೆ ಅಮ್ಮನಿಗೆ ಬೈದಂತೆಯೇ ಕೇಳಿಸಿತು. ಅಷ್ಟರಲ್ಲಿ ಅವಳ ಬಾಯಿ ತನ್ನ ಪಾಡಿಗೆ ತಾನು "ಆಯ್ತು ಮೇಷ್ಟ್ರೇ" ಎಂದಾಗಿತ್ತು.

ಔಷಧಿ ಅಂಗಡಿಯವರು ಆಳೆತ್ತರಕ್ಕೆ ಆಳಗಲ ಇರುವ ಮನುಷ್ಯರು. ಅವರಿಗೆಂದು ತೆಗೆದಿಟ್ಟಿದ್ದ ಕಿತ್ತಳೆ ಬಣ್ಣದ ಜಾಕೆಟ್ಟು ಆಯ್ತಮ್ಮನ ಮೊಣಕಾಲು ದಾಟಿತು. ಮಳೆಗೆ ಹೆದರಿ ಟಾರ್ಪಾಲು ಹೊದಿಸಿದ ಗೂಡಂಗಡಿಯಂತೆ ನಿಂತ ಅವಳು, ಎರಡೂ ಪಕ್ಕದಲ್ಲಿ ಎಷ್ಟೆಷ್ಟು ಒಳಗೆ ಹಿಡಿದು ಹೊಲಿದರೆ ಸರಿಹೋದೀತು ಎಂದು ಬೆರಳಲ್ಲೇ ಅಳೆದುಕೊಂಡಳು. ಕೈಗೆ ಒಂದು ರೇಡಿಯೋ ಬಂತು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಿಸಿಕೊಳ್ಳಬೇಕು.

"ಮೊದಲು ತಪಾಸಣೆ ಕಾರು ಬರುತ್ತೆ, ನೆತ್ತಿ ಮೇಲೆ ದೀಪ ಇರುತ್ತೆ" ಎಂದು ಮೇಷ್ಟ್ರು ವಿವರಿಸಿದರು. "ರಸ್ತೆ ಪೂರ್ತಿ ಖಾಲಿ ಇದೆ ಅಂತ ಅವರು ಒಪ್ಪಿದ ಮೇಲೇ ಸ್ಪರ್ಧೆ ಕಾರುಗಳು ಹೊರಡೋದು. ಬಾಣ ಬಿಟ್ಟ ಹಾಗೆ ಬರ್ತವೆ. ಅಡ್ಡ ಒಂದು ಕೋಳಿ ಕಂಡ್ರೂ ಅವರು ಒಪ್ಪಲ್ಲ. ಇನ್ನೊಂದು ಮುಖ್ಯ ವಿಷಯ. ನೀವು ಯಾವಾಗ್ಲೂ ಬೆನ್ನು ರಸ್ತೆಗೆ, ಮುಖ ಜನಕ್ಕೆ ಮಾಡಿ ನಿಲ್ಲಬೇಕು."

"ಹಾಗಾದ್ರೆ ಕಾರು ನೋಡೋದು ಹೇಗೆ?"

"ಕಾರು ನೋಡೋಕೆ ಜನ ಇದ್ದಾರಲ್ಲ. ನೀವು ಜನರನ್ನ ನೋಡಿ."

ಅಮ್ಮ ಅದನ್ನು ಯೋಚಿಸಿ ನೋಡಿದಳು. ಪರವಾಗಿಲ್ಲ, ಅವಳಿಗೆ ಬೇಕಾಗಿದ್ದದ್ದು ಕಾರಲ್ಲ. ಕೆಂಪು ಕಾರು ಹಾದುಹೋಗುವಾಗ ಮಗಳ ಮುಖ ಹೇಗಾಗುತ್ತದೆ ಎಂಬುದು. ಟೇಪಿನ ಈಚೆ, ಕಾರ್ಖಾನೆಯ ಗೋಡೆಗೆ ಅಂಟಿದ ಕಟ್ಟೆಯ ಮೇಲೆ ಮಗಳನ್ನು ಕೂರಿಸಿ, ತಾನು ಅವಳಿಗೆ ಎದುರಾಗಿ ನಿಂತಳು. ಆ ಜಾಗದಿಂದ ರಸ್ತೆಯ ತಿರುವು ಮಗಳಿಗೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸ್ವಲ್ಪ ಹೊತ್ತು ಎಲ್ಲವೂ ಸರಿಯಾಗಿತ್ತು, ಬೆಳಗಿನ ತನ್ನ 'ಆಯ್ತು' ಈ ಒಂದು ಸಲ ಮಗಳ ಪಾಲಿಗೆ ಒಳ್ಳೆಯದೇ ಆಯಿತೇನೋ ಎಂದು ಅವಳಿಗೆ ಅನಿಸಿತು.

ಆಮೇಲೆ ಅವರ ಬೀದಿಯ ಮೂಲೆಮನೆ ಅಜ್ಜಿ ಬಂದಳು.

ಆ ಗಲ್ಲಿಯಲ್ಲಿ ಮನೆಗಳಿದ್ದವು, ರಸ್ತೆಯ ಆಚೆ ಬದಿಯಲ್ಲಿ ಅಂಗಡಿಗಳು. ಅಜ್ಜಿ ಆ ಗಲ್ಲಿಯಲ್ಲಿದ್ದ ತಂಗಿಯ ಮನೆಯಲ್ಲಿ ರಾತ್ರಿ ಉಳಿದಿದ್ದಳು. ಈಗ ಆಚೆಯ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟ ಕನ್ನಡಕ ತರಲು ಹೊರಟಿದ್ದಳು.

"ಯಾರು, ಆಯ್ತಮ್ಮನಾ? ಇದೇನೇ ಇದು, ಯಾರು ಹೊಲಿದ್ರು ನಿನಗೆ ಈ ಅಂಗೀನ?"

"ರಸ್ತೆ ಮುಚ್ಚಿದೆ ಅಜ್ಜಿ. ದಾಟೋ ಹಾಗಿಲ್ಲ."

"ಮುಚ್ಚಿದ್ರೆ ನನಗೆ ಕಾಣ್ಬೇಕಲ್ಲ ತಾಯಿ. ಕನ್ನಡಕ ಇಲ್ದೆ ನೀನೇ ನನಗೆ ಎರಡೆರಡು ಕಾಣ್ತಿದ್ದೀಯ. ಹೋಗಿ ಕನ್ನಡಕ ತಂದುಬಿಡ್ತೀನಿ, ಆಮೇಲೆ ಮುಚ್ಚಿದೆಯೋ ತೆರೆದಿದೆಯೋ ನೋಡಿ ಹೇಳ್ತೀನಿ."

ಇದರಲ್ಲಿ ಎಲ್ಲೋ ತಪ್ಪಿದೆ ಎಂದು ಆಯ್ತಮ್ಮನಿಗೆ ಗೊತ್ತಾಯಿತು. ಎಲ್ಲಿ ಎಂದು ಗೊತ್ತಾಗುವಷ್ಟರಲ್ಲಿ ಅವಳ ಕೈ ಟೇಪನ್ನು ಮೇಲೆತ್ತಿತ್ತು, ಅಜ್ಜಿ ಬಗ್ಗಿ ದಾಟಿಯಾಗಿತ್ತು. ಅದೇ ಗಳಿಗೆಗೆ ರೇಡಿಯೋ ಗೊರಗೊರ ಎಂದಿತು.

"ಹಂಚಿನ ಕಾರ್ಖಾನೆ, ಹಂಚಿನ ಕಾರ್ಖಾನೆ. ನಿಮ್ಮ ರಸ್ತೆ ಖಾಲಿನಾ?"

ಅಮ್ಮ ಗುಂಡಿ ಒತ್ತಿದಳು. "ಖಾಲಿ." ಸುಳ್ಳು ಹೇಳಿ ರೂಢಿಯಿಲ್ಲದ್ದರಿಂದ ಮತ್ತೆ ಒತ್ತಿದಳು. "ಒಬ್ಬರು ಅಜ್ಜಿ ಬಿಟ್ಟು."

ಆ ಕಡೆ ಮತ್ತೆ ಗೊರಗೊರ. "ಅಜ್ಜಿ ಏನು ಮಾಡ್ತಿದ್ದಾರೆ?"

"ದಾಟ್ತಿದ್ದಾರೆ."

"ಬೇಗ ದಾಟೋಕೆ ಹೇಳಿ."

"ಹೇಳಬಹುದು" ಎಂದಳು ಅಮ್ಮ, ಅಜ್ಜಿಯ ನಡಿಗೆ ನೋಡಿ. ಹೆಚ್ಚಿನ ಭರವಸೆ ಕೊಡುವುದು ಅವಳಿಗೆ ಸರಿಯೆನಿಸಲಿಲ್ಲ.

ಅಜ್ಜಿ ದಾಟಿದ್ದನ್ನು ಕ್ಷೌರದಂಗಡಿಯವ ನೋಡಿಬಿಟ್ಟ. ಅವನ ಮನೆ ಈಚೆ, ಅಂಗಡಿ ಆಚೆ. ರಸ್ತೆ ಮುಚ್ಚುವ ಮುಂಚೆ ಬ್ಲೇಡು ತರಲು ಮನೆಗೆ ಬಂದಿದ್ದ. ಗಲ್ಲಿಯೊಳಗಿಂದ ಕೈಯಲ್ಲೊಂದು ಬ್ಲೇಡಿನ ಪೊಟ್ಟಣ ಹಿಡಿದು ಓಡುತ್ತಾ ಬಂದ.

"ಅಕ್ಕಾ, ಗಿರಾಕಿ ಕುರ್ಚಿ ಮೇಲೆ ಕೂತಿದ್ದಾನೆ. ಅರ್ಧ ಮುಖ ಆಗಿದೆ, ಇನ್ನರ್ಧಕ್ಕೆ ಬ್ಲೇಡು ಮುಗೀತು. ಅವನಿಗೆ ಇವತ್ತು ಕೆಲಸದ ಸಂದರ್ಶನ. ಅರ್ಧ ಮೀಸೇಲಿ ಹೋದ್ರೆ ಅರ್ಧ ಸಂಬಳಾನೂ ಕೊಡಲ್ಲ ಯಾರೂ."

"ನನಗೆ ಹೇಳಿದ್ದಾರಪ್ಪ, ಯಾರನ್ನೂ..."

"ಅಜ್ಜಿ ಹೋದ್ರಲ್ಲ."

ಯಾರದೋ ಹೊಟ್ಟೆಪಾಡಿಗೆ ತಾನು ಅಡ್ಡ ನಿಲ್ಲುವುದೆಂದರೆ ಆಯ್ತಮ್ಮನಿಗೆ ಕಾಲಿನಡಿ ಮುಳ್ಳು ಚುಚ್ಚಿದ ಹಾಗೆ. ಟೇಪು ಮೇಲೆ ಹೋಯಿತು. ಅವನು ದಾಟುವಾಗ ಆಚೆ ಬದಿಯಲ್ಲಿ ಪಕ್ಕದ ಮನೆಯಾಕೆ, ಕಳೆದ ವರ್ಷ ಮಗು ಬಿಟ್ಟು ಹೋದವಳು, ಸಂತೆಚೀಲ ಹಿಡಿದು ನಿಂತಿದ್ದಳು.

"ಆ ಕಡೆ ಒಬ್ಬರನ್ನ ಬಿಟ್ಟ ಮೇಲೆ ಈ ಕಡೆ ಒಬ್ಬರನ್ನ ಬಿಡದೇ ಇದ್ರೆ ಹೇಗೆ ಆಯ್ತಮ್ಮ? ಒಲೆ ಮೇಲೆ ಹಾಲಿಟ್ಟು ಬಂದಿದೀನಿ. ಉಕ್ಕಿ ಹರಿದು ಗೋಡೆ ಹಾರಿ ನಿಮ್ಮನೆಗೇ ಬರುತ್ತೆ."

ಅವಳೂ ದಾಟಿ ಮನೆಯ ಕಡೆ ಬಿರಬಿರನೆ ನಡೆದಳು. ಕಟ್ಟೆಯ ಮೇಲೆ ಮಗಳು ಕಾಲು ಆಡಿಸುವುದನ್ನು ನಿಲ್ಲಿಸಿ, ಅಮ್ಮನ ಕೈಯನ್ನೂ ಟೇಪನ್ನೂ ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು.

"ಇಷ್ಟೇ. ಇನ್ನು ಯಾರನ್ನೂ ಬಿಡಲ್ಲ" ಎಂದಳು ಅಮ್ಮ, ಯಾರೂ ಕೇಳದಿದ್ದರೂ.

ರೇಡಿಯೋ ಮತ್ತೆ ಕೇಳಿತು. ಈ ಸಲ ಅವಳು ಗಟ್ಟಿಯಾಗಿ ಹೇಳಿದಳು: "ಖಾಲಿ. ಪೂರ್ತಿ ಖಾಲಿ." ಹೇಳಿ ಮುಗಿಸಿ ಗುಂಡಿ ಬಿಟ್ಟಾಗ ಬೆನ್ನ ಹಿಂದೆಯಲ್ಲ, ಕಣ್ಣ ಮುಂದೆಯೇ ಗಲ್ಲಿಯೊಳಗಿಂದ ಒಂದು ಬೀರು ನಡೆದುಕೊಂಡು ಬರುತ್ತಿತ್ತು.

ಬೀರುವಿನ ಕೆಳಗೆ ನಾಲ್ಕು ಕಾಲು ಕಂಡವು. ಒಂದು ಜೊತೆ ದಪ್ಪ, ಒಂದು ಜೊತೆ ಸಣ್ಣ. ಮನೆ ಬದಲಿಸುವವರ ಸಾಮಾನು ಸಾಗಿಸುವ ಇಬ್ಬರು ಕೂಲಿಯವರು, ಆಳುದ್ದದ ಕನ್ನಡಿ ಬಾಗಿಲಿನ ಮರದ ಬೀರುವನ್ನು ಹೊತ್ತು, ಟೇಪಿನ ತನಕ ಬಂದು ನಿಂತರು.

"ಅಮ್ಮ, ದಾರಿ ಬಿಡಿ" ಎಂದಿತು ಬೀರುವಿನ ಹಿಂಭಾಗ.

"ಆಗಲ್ಲಪ್ಪ. ಕಾರು ಬರೋ ಹೊತ್ತಾಯ್ತು. ಕೆಳಗಿಳಿಸಿ ಸ್ವಲ್ಪ ಹೊತ್ತು..."

"ಇಳಿಸಿದ್ರೆ ಮತ್ತೆ ಎತ್ತೋಕಾಗಲ್ಲಮ್ಮ" ಎಂದಿತು ಮುಂಭಾಗ, ಉಸಿರು ಸಿಕ್ಕಿಕೊಂಡು. "ಗಾಡಿ ಅಲ್ಲೇ ಎದುರಿಗೆ ನಿಂತಿದೆ. ಹತ್ತು ಹೆಜ್ಜೆ. ನೀವು ಯೋಚನೆ ಮಾಡೋದ್ರಲ್ಲಿ ದಾಟ್ಬಿಡ್ತೀವಿ. ಬೇಗ ಯೋಚನೆ ಮಾಡಿ, ಭುಜ ಹೋಗ್ತಿದೆ."

ಸಣ್ಣನೆಯವನ ಹಣೆಯಿಂದ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು. ಬೇರೆ ಯಾವ ವಾದವನ್ನಾದರೂ ಅವಳು ತಡೆದುಕೊಂಡಾಳು. ಹೊರೆ ಹೊತ್ತು ನಿಂತವನನ್ನು ನಿಲ್ಲಿಸಿ ಮಾತಾಡಿಸುವುದು ಅವಳ ಕೈಲಾಗದ ಕೆಲಸ. ಕಣ್ಣು ಮುಚ್ಚಿ ಟೇಪನ್ನು ಎತ್ತಿದಳು. ಬೀರು ಎತ್ತರವಾಗಿದ್ದರಿಂದ ಟೇಪಿನ ಗಂಟನ್ನೇ ಬಿಚ್ಚಬೇಕಾಯಿತು.

ರಸ್ತೆಯ ಸರಿಯಾಗಿ ನಡುವೆ ಸಣ್ಣನೆಯವನ ಸೊಂಟ ಹಿಡಿದುಕೊಂಡಿತು.

"ಅಯ್ಯಪ್ಪಾ" ಎಂದ ಅವನು, ಬಗ್ಗಿದಲ್ಲೇ ಬಗ್ಗಿ. ಬೀರು ಕೆಳಗಿಳಿಯಿತು. ಬಾಗಿಲು ತಾನಾಗಿ ತೆರೆದುಕೊಂಡಿತು, ಒಳಗೆ ಬಾಯಿ ಕಟ್ಟಿದ ಚೀಲಗಳಿದ್ದವು. ಬಸ್ಸಿಗೆ ಕಾಯುವ ಸಂಭಾವಿತರ ಹಾಗೆ ಬೀರು ನಡುರಸ್ತೆಯಲ್ಲಿ ನಿಂತಿತು. ಅಮ್ಮ ಬೆನ್ನು ರಸ್ತೆಗೆ ಮಾಡಬೇಕೆಂಬ ನಿಯಮ ಮರೆತು ಓಡಿದಳು, ಒಂದು ಕಡೆ ತಾನು ಹಿಡಿದಳು. ದಪ್ಪನೆಯವ ಇನ್ನೊಂದು ಕಡೆ ಹಿಡಿದ. ಬೀರು ಅಲ್ಲಾಡಲಿಲ್ಲ.

"ಒಳಗೆ ಏನಿದೆಯಪ್ಪ ಇದರಲ್ಲಿ?"

"ಪುಸ್ತಕ ಅಂದ್ರು. ಓದಿದವರ ಮನೆ ಸಾಮಾನು ಹೊರೋಕೆ ನಾನು ಯಾವತ್ತೂ ಒಪ್ಪಬಾರದಿತ್ತು" ಎಂದ ದಪ್ಪನೆಯವ.

ಅಷ್ಟರಲ್ಲಿ ಕನ್ನಡಕ ಹಾಕಿಕೊಂಡ ಅಜ್ಜಿ ವಾಪಸು ಬಂದಳು. ನಡೆದು ಸುಸ್ತಾಗಿದ್ದರಿಂದ, ನಡುರಸ್ತೆಯಲ್ಲಿ ಬೀರು ಇರುವುದರಲ್ಲಿ ವಿಶೇಷವೇನೂ ಕಾಣದೆ, ಕೆಳಗಿನ ಅರೆಯ ಅಂಚಿನ ಮೇಲೆ ಕೂತಳು. ಸುತ್ತ ಕಣ್ಣಾಡಿಸಿ, "ಹೂಂ, ನೀನು ಹೇಳಿದ್ದು ನಿಜ ಕಣೆ. ರಸ್ತೆ ಮುಚ್ಚಿದೆ" ಎಂದಳು.

ಮುಖದ ಅರ್ಧಕ್ಕೆ ನೊರೆ ಹಚ್ಚಿಕೊಂಡಿದ್ದ ಗಿರಾಕಿ, ಗಲಾಟೆ ನೋಡಲು ಕೊರಳಿನ ಬಟ್ಟೆಯ ಸಮೇತ ಎದ್ದು ಬಂದ. ಅವನ ಹಿಂದೆ ಬ್ಲೇಡು ಹಿಡಿದ ಕ್ಷೌರದವ, "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎನ್ನುತ್ತಾ. ಬಂದವನು ಬೀರುವಿನ ಕನ್ನಡಿ ಕಂಡು, ಎಷ್ಟು ಮುಗಿದಿದೆ ಎಂದು ಮುಖ ತಿರುಗಿಸಿ ನೋಡಿಕೊಂಡ. ಬೆಳಕು ಇಲ್ಲಿಯೇ ಚೆನ್ನಾಗಿದೆ ಎಂದೂ ಅಂದ.

ತಿರುವಿನಲ್ಲಿ ತಪಾಸಣೆ ಕಾರು ಕಾಣಿಸಿಕೊಂಡದ್ದು ಆಗಲೇ. ನೆತ್ತಿಯ ಮೇಲೆ ದೀಪ ಸುತ್ತುತ್ತಿತ್ತು. ಕಾರು ನಿಧಾನವಾಯಿತು, ನಿಂತಿತು. ಬಿಳಿ ಟೋಪಿಯ ಅಧಿಕಾರಿ ಇಳಿದು ಬಂದು ಬೀರುವಿಗೆ ಒಂದು ಸುತ್ತು ಹಾಕಿದರು. ಕನ್ನಡಿಯಲ್ಲಿ ತಮ್ಮನ್ನು ಕಂಡು ಟೋಪಿ ಸರಿಮಾಡಿಕೊಂಡರು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ.

"ಇಲ್ಲಿ ಟೇಪು ನೋಡ್ಕೊಳ್ಳೋರು ಯಾರು?"

ಬೀರುವಿನ ಒಂದು ಮೂಲೆ ಹಿಡಿದಿದ್ದ ಅಮ್ಮ ಕೈ ಬಿಟ್ಟಳು. "ನಾನೇ ಸರ್."

"ಇಷ್ಟು ಜನರನ್ನ ರಸ್ತೆಗೆ ಬಿಟ್ಟಿದ್ದು?"

"ಒಬ್ಬೊಬ್ಬರನ್ನೇ ಬಿಟ್ಟೆ ಸರ್. ಒಟ್ಟಿಗೆ ಬಿಡಲಿಲ್ಲ."

ಅಧಿಕಾರಿ ಅವಳನ್ನು ನೋಡಿದರು, ಮೊಣಕಾಲಿನ ತನಕ ಇಳಿದ ಜಾಕೆಟ್ಟನ್ನು ನೋಡಿದರು. "ಸ್ಪರ್ಧೆ ಕಾರು ಈ ತಿರುವಿಗೆ ಯಾವ ವೇಗದಲ್ಲಿ ಬರುತ್ತೆ ಗೊತ್ತೇನಮ್ಮ? ಅಜ್ಜಿ ಇಲ್ಲಿ ಕೂತಿದ್ದಾಗ ಬಂದಿದ್ರೆ?"

ಅಮ್ಮ ಅಜ್ಜಿಯ ಕಡೆ ತಿರುಗಿ ನೋಡಿದಳು. ಅಷ್ಟು ಹೊತ್ತೂ ತಾನು ಯಾರ ಮನಸ್ಸು ನೋಯುತ್ತದೆ ಎಂದು ಯೋಚಿಸಿದ್ದಳೇ ಹೊರತು ಯಾರ ಮೈ ನೋಯುತ್ತದೆ ಎಂದು ಯೋಚಿಸಿರಲಿಲ್ಲ.

ಅಧಿಕಾರಿ ತಮ್ಮ ರೇಡಿಯೋದಲ್ಲಿ ಹೇಳಿದರು: "ಹಂಚಿನ ಕಾರ್ಖಾನೆ ರಸ್ತೆಯ ಓಟ ರದ್ದು. ಕಾರುಗಳನ್ನ ಸಾದಾ ರಸ್ತೆಯಲ್ಲಿ ನಿಧಾನಕ್ಕೆ ಮುಂದಿನ ಓಟದ ಜಾಗಕ್ಕೆ ಕಳಿಸಿ." ಆಮೇಲೆ ಅವಳ ಕಡೆ ತಿರುಗಿ, "ನೀವು ಇಲ್ಲೇ ಇರಿ. ಬೋರ್ಡು, ಟೇಪು ಒಯ್ಯೋಕೆ ಲಾರಿ ಬರುತ್ತೆ. ಬರೋವರೆಗೆ ಜಾಗ ಬಿಡಬೇಡಿ" ಎಂದರು.

"ಆಯ್ತು ಸರ್" ಎಂದಳು.

ಕಾರು ಹೊರಟುಹೋಯಿತು. ಅಲ್ಲಿದ್ದವರೆಲ್ಲ ಒಮ್ಮೆಗೇ ಬಹಳ ಒಳ್ಳೆಯವರಾದರು. ಗಿರಾಕಿ, ಕ್ಷೌರದವ, ದಪ್ಪನೆಯವ ಮೂವರೂ ಸೇರಿ ಬೀರುವನ್ನು ಗಾಡಿಗೆ ಸಾಗಿಸಿದರು. ಈ ಒಗ್ಗಟ್ಟು ಸ್ವಲ್ಪ ಮುಂಚೆ ಬಂದಿದ್ದರೆ ಸಾಕಾಗಿತ್ತು. ಅಂಗಡಿಗೆ ಹೋಗಿ ಗಿರಾಕಿಯ ಉಳಿದರ್ಧ ಮುಖ ಮುಗಿಸಿ ಬಂದ ಕ್ಷೌರದವ, ಅಜ್ಜಿಯನ್ನು ಮನೆಗೆ ಬಿಟ್ಟುಬರುತ್ತೇನೆಂದು ಕೈ ಹಿಡಿದ.

ಹೊರಡುವ ಮುನ್ನ ಅಜ್ಜಿ ಕಟ್ಟೆಯ ಹತ್ತಿರ ನಿಂತಳು. "ಈ ಮಗೂನ ಯಾಕೆ ಬಿಸಿಲಲ್ಲಿ ಕೂರಿಸ್ಕೊಂಡಿದ್ದೀಯ? ನಮ್ಮ ಜೊತೆ ಕಳ್ಸು, ಮನೆಗೆ ಹೋಗ್ಲಿ."

ಅಮ್ಮ ಮಗಳನ್ನು ನೋಡಿದಳು. ಕಾರುಗಳು ಇನ್ನೂ ದಾಟಿಲ್ಲ. ಯಾರಿಗೆ ಗೊತ್ತು, ದಾರಿ ಮತ್ತೆ ಬದಲಾಗಿ ಒಂದಾದರೂ ಈ ಕಡೆ ಬಂದರೆ? ಆ ಒಂದು ಕೆಂಪಗಿದ್ದರೆ? ಮಗಳು ಮನೆಯಲ್ಲಿದ್ದು ಇಲ್ಲಿ ಕಾರು ಹಾದುಹೋದರೆ, ಕಳೆದ ವರ್ಷದ್ದೇ ಕತೆಯಾಗುತ್ತದೆ.

"ಇಲ್ಲ ಅಜ್ಜಿ" ಎಂದಳು. "ಅವಳು ನನ್ನ ಜೊತೇಲೇ ಇರ್ಲಿ."

ಆ ದಿನ ಅವಳು ಗಟ್ಟಿಯಾಗಿ ಹೇಳಿದ ಒಂದೇ ಒಂದು 'ಇಲ್ಲ' ಅದು. ಹೇಳುವುದು ಇಷ್ಟು ಸುಲಭವೇ ಎಂದು ಅವಳಿಗೇ ಆಶ್ಚರ್ಯವಾಯಿತು. ಅಜ್ಜಿ ಕ್ಷೌರದವನ ಕೈ ಹಿಡಿದು ಹೊರಟುಹೋದಳು.

ಆಮೇಲೆ ಅಮ್ಮ, ಮಗಳು, ಮತ್ತು ರಸ್ತೆ. ಅಷ್ಟು ಖಾಲಿಯಾದ ರಸ್ತೆಯನ್ನು ಆಯ್ತಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಂದು ನಾಯಿ ಕೂಡ ದಾಟಲಿಲ್ಲ. ಬಿಚ್ಚಿದ ಟೇಪನ್ನು ಅವಳು ಮತ್ತೆ ಬಿಗಿಯಾಗಿ ಕಟ್ಟಿದಳು, ಹೊಲಿಗೆಯವರು ಹಾಕುವ ಗಂಟು, ಯಾರಿಂದಲೂ ಬಿಚ್ಚಲಾಗದ್ದು. ಬೆನ್ನು ರಸ್ತೆಗೆ ಮಾಡಿ ನೆಟ್ಟಗೆ ನಿಂತಳು. ಎದುರಿಗೆ ಜನವಿರಲಿಲ್ಲ, ಮಗಳೊಬ್ಬಳಿದ್ದಳು.

ಸೇತುವೆಗೆಂದು ಬೆಳಿಗ್ಗೆ ಕಟ್ಟಿಕೊಂಡಿದ್ದ ಊಟದ ಡಬ್ಬಿ ತೆರೆದು ಇಬ್ಬರೂ ತಿಂದರು. ಮಗಳು ತನ್ನ ಪಾಲಿನಲ್ಲಿ ಅರ್ಧ ತೆಗೆದು ಅಮ್ಮನ ಕಡೆ ತಳ್ಳಿದಳು. ಬೈದಿದ್ದರೆ, ಕಾಲು ನೆಲಕ್ಕೆ ಬಡಿದು ಅತ್ತಿದ್ದರೆ, ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು.

ದೂರದಲ್ಲಿ ಇಂಜಿನುಗಳ ಸದ್ದು ಏಳಲಾರಂಭಿಸಿತು. ಒಂದರ ಹಿಂದೆ ಒಂದು, ಗುಡುಗಿಗೆ ಗಂಟಲು ಕಟ್ಟಿದ ಹಾಗೆ, ನಿಧಾನವಾಗಿ. ಮಗಳು ಕಟ್ಟೆಯ ಮೇಲೆ ಎದ್ದು ನಿಂತಳು. ಸದ್ದು ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ಒಂದೇ ಕಡೆ ಬಹಳ ಹೊತ್ತು ತಡೆದು ನಿಂತು, ಆಮೇಲೆ ಕರಗಿತು. ನಡುನಡುವೆ ಜನ ಕೇಕೆ ಹಾಕಿದ್ದೂ ಕೇಳಿಸಿತು.

"ಹೆದ್ದಾರಿ ಕಡೆ ಹೋದವು ಅಂತ ಕಾಣುತ್ತೆ" ಎಂದಳು ಅಮ್ಮ.

ಮಗಳು ತಲೆಯಾಡಿಸಿದಳು. ಮತ್ತೆ ಕೂತಳು.

"ಮುಂದಿನ ವರ್ಷ..." ಎಂದು ಶುರು ಮಾಡಿದ ಅಮ್ಮ, ಆ ಮಾತನ್ನು ಎಲ್ಲಿಗೆ ಒಯ್ದು ನಿಲ್ಲಿಸಬೇಕೋ ತಿಳಿಯದೆ, ಡಬ್ಬಿಯ ಮುಚ್ಚಳ ಹಾಕಿದಳು. ಮುಚ್ಚಿದ್ದನ್ನು ತೆರೆದು ಮತ್ತೊಮ್ಮೆ ಮುಚ್ಚಿದಳು.

ನೆರಳು ಉದ್ದವಾದ ಮೇಲೆ ಲಾರಿ ಬಂತು. ಚಾಲಕ ಇಳಿದು ಟೇಪಿನ ಗಂಟಿನ ಜೊತೆ ಕುಸ್ತಿಯಾಡಿ, ಸೋತು, ಕತ್ತರಿಸಿ ತೆಗೆದ. "ನೀವು ಇಷ್ಟು ಹೊತ್ತೂ ಇಲ್ಲೇ ಇದ್ರಾ ಅಕ್ಕ? ಬೋರ್ಡು, ಜಾಕೆಟ್ಟು ಎಲ್ಲ ಆ ಕಂಬಕ್ಕೆ ಒರಗಿಸಿ ಹೋಗೋದಲ್ವಾ? ಬೇರೆಯವರೆಲ್ಲ ಹಾಗೇ ಹೋದ್ರು. ಇದನ್ನ ಯಾರು ಕದೀತಾರೆ?"

ಅಮ್ಮ ಜಾಕೆಟ್ಟು ಕಳಚಿ, ಮಡಚಿ, ರೇಡಿಯೋವನ್ನು ಅದರ ಮೇಲಿಟ್ಟು ಕೊಟ್ಟಳು.

ಮನೆಯ ಬೀದಿಗೆ ತಿರುಗುವಾಗಲೇ ಏನೋ ಬೇರೆಯಾಗಿದೆ ಎನಿಸಿತು. ಯಾರೂ ಒಳಗಿರಲಿಲ್ಲ. ಎಲ್ಲ ಗೇಟುಗಳೂ ತೆರೆದಿದ್ದವು. ಬೀದಿಯ ಮಕ್ಕಳು ಬಾಯಲ್ಲೇ ಇಂಜಿನು ಮಾಡಿಕೊಂಡು ಓಡುತ್ತಿದ್ದರು. ನೆಲದ ಮೇಲೆ ಬೀದಿಯ ಉದ್ದಕ್ಕೂ ಅಗಲವಾದ ಚಕ್ರದ ಗುರುತುಗಳು.

"ಎಲ್ಲಿ ಹೋಗಿದ್ರಿ ನೀವು ಆಯ್ತಮ್ಮ?" ಪಕ್ಕದ ಮನೆಯಾಕೆ ಓಡಿ ಬಂದಳು, ಕಂಕುಳಲ್ಲಿ ಮಗು. "ಅಲ್ಲೇ ನಿಂತಿದ್ರಾ ಇಷ್ಟು ಹೊತ್ತು? ಕಾರುಗಳೆಲ್ಲ ನಮ್ಮ ಬೀದೀಲೇ ಬಂದವು. ಒಂದಲ್ಲ, ಎಲ್ಲಾನೂ. ಆಮೆ ಥರ ನಿಧಾನಕ್ಕೆ. ಮೂಲೇಲಿ ತಿರುಗೋಕಾಗದೆ ಸಾಲು ನಿಂತೇಬಿಡ್ತು. ಕೆಂಪು ಕಾರು ಎಲ್ಲಿ ನಿಲ್ತು ಗೊತ್ತಾ? ನಿಮ್ಮ ಗೇಟಿಗೇ ಅಡ್ಡ."

ಅಮ್ಮ ಮಗಳ ಕೈಯನ್ನು ಹಿಡಿದುಕೊಂಡಳು. ಬಿಗಿಯಾಗಿ ಹಿಡಿದದ್ದು ತಾನೋ ಮಗಳೋ ಅವಳಿಗೆ ತಿಳಿಯಲಿಲ್ಲ.

"ಎಷ್ಟು ಒಳ್ಳೆಯವಳು ಅಂತೀರಿ. ಕೆಳಗಿಳಿದು ನಿಮ್ಮ ಕಾಂಪೌಂಡಿಗೆ ಒರಗಿ ನಿಂತ್ಕೊಂಡ್ಲು. ನಾನೇ ನೀರು ಕೊಟ್ಟೆ. ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನೇ ಸೀಟಲ್ಲಿ ಕೂರಿಸಿ ಸ್ಟಿಯರಿಂಗ್ ಹಿಡಿಸಿದ್ಲು. ಇದೋ, ನಮ್ಮ ಪುಟ್ಟ ಕೂಡ ಕೂತ. ಇನ್ನು ಯಾರಾದ್ರೂ ಮಕ್ಕಳಿದ್ದಾರಾ ಅಂತ ಕೂಗಿ ಕೇಳಿದ್ಲು ಪಾಪ, ಹೊರಡೋ ಮುಂಚೆ."

ತನ್ನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮೂಲೆಮನೆ ಅಜ್ಜಿ ರಿಪೇರಿಯಾದ ಕನ್ನಡಕ ಒರೆಸಿಕೊಂಡಳು. ಅವಳು ಆಯ್ತಮ್ಮನ ಕಡೆ ಒಮ್ಮೆ ನೋಡಿ, ಕನ್ನಡಕ ಇನ್ನೂ ಮಸುಕಾಗಿದೆ ಎಂಬಂತೆ ಮತ್ತೆ ಒರೆಸತೊಡಗಿದಳು. ಪಕ್ಕದಲ್ಲಿ ನಿಂತಿದ್ದ ಕ್ಷೌರದವನಿಗೆ ಆಕಾಶದಲ್ಲಿ ನೋಡುವಂಥದ್ದೇನೋ ಸಿಕ್ಕಿತು.

ಎದುರುಮನೆಯ ಯಜಮಾನರಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಅವರು ಬೆಳಗಿನಿಂದ ಮನೆ ಬಿಟ್ಟು ಕದಲಿದವರಲ್ಲ. ಸೊಂಟದ ಮೇಲೆ ಕೈಯಿಟ್ಟು, ತಾವೇ ರ‍್ಯಾಲಿ ಗೆದ್ದವರ ಹಾಗೆ ನಗುತ್ತಿದ್ದರು.

"ಹಂಚಿನ ಕಾರ್ಖಾನೆ ಹತ್ರ ಕಾವಲಿಗೆ ನಿಂತಿದ್ದ ಯಾವನೋ ಪುಣ್ಯಾತ್ಮ, ಬಂದಬಂದವರನ್ನೆಲ್ಲ ರಸ್ತೆಗೆ ಬಿಟ್ಟನಂತೆ" ಎಂದರು ಎಲ್ಲರಿಗೂ ಕೇಳುವಂತೆ. "ಅವನ ಹೊಟ್ಟೆ ತಣ್ಣಗಿರ್ಲಿ. ಅವನು ನೆಟ್ಟಗೆ ಕೆಲಸ ಮಾಡಿದ್ದಿದ್ರೆ ನಮ್ಮ ಬೀದಿ ಮಕ್ಕಳಿಗೆ ಧೂಳೂ ಸಿಗ್ತಿರಲಿಲ್ಲ. ಸಿಕ್ಕಿದ್ರೆ ಅವನಿಗೊಂದು ಹಾರ ಹಾಕ್ಬೇಕು ನೋಡಿ."

ಜನ ನಕ್ಕರು. ಹೌದು ಹೌದು ಎಂದರು. ಪಕ್ಕದ ಮನೆಯಾಕೆ ಮಗುವಿನ ಅಂಗಿಯ ಗುಂಡಿ ಹಾಕಲು ಶುರುಮಾಡಿದಳು. ಅಂಗಿಗೆ ಗುಂಡಿಗಳಿರಲಿಲ್ಲ.

ಅಮ್ಮನೂ ನಕ್ಕಳು. ನಗದಿದ್ದರೆ ಎದುರುಮನೆಯವರು ಏನಾದರೂ ಅಂದುಕೊಂಡಾರು. ಬೀಗ ತೆಗೆದು ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಲೋಟದಲ್ಲಿ ನೀರು ತಂದು ಕೊಟ್ಟಳು. ಮಗಳ ಎದುರಿಗೆ ನೆಲದ ಮೇಲೆ ಕೂತು, ಅವಳ ಚಪ್ಪಲಿಯ ಪಟ್ಟಿ ಬಿಚ್ಚಿದಳು. ಪಾದಕ್ಕೆ ಹಂಚಿನ ಕಾರ್ಖಾನೆಯ ಕೆಂಪು ಧೂಳು ಅಂಟಿತ್ತು, ಅದನ್ನು ಸೆರಗಿನಿಂದ ಒರೆಸಿದಳು. ಒಂದು ಪಾದ ಒರೆಸಿ ಇನ್ನೊಂದು. ಹೊರಗೆ ಮಕ್ಕಳ ಇಂಜಿನುಗಳು ಬೀದಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವು.

ಮಗಳು ನೀರು ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನ ನೆತ್ತಿಯನ್ನು ನೋಡುತ್ತಿದ್ದಳು. ದಿನವಿಡೀ ಬಾಯಿಯ ತನಕ ತಂದು ನುಂಗಿಕೊಂಡದ್ದೆಲ್ಲ ಒಟ್ಟಾಗಿ ಬರುತ್ತಿದೆ ಎಂದು ಅಮ್ಮನಿಗೆ ತಲೆ ಎತ್ತದೆಯೇ ಗೊತ್ತಾಯಿತು. ಅವಳು ಆಗಲೇ ಒರೆಸಿದ ಪಾದವನ್ನೇ ಮತ್ತೆ ಒರೆಸಿದಳು.

"ಅಮ್ಮ" ಎಂದಳು ಮಗಳು, ಬಹಳ ಮೆಲ್ಲಗೆ, ಹೊರಗಿನವರಿಗೆ ಕೇಳಿಸಬಾರದೆಂಬಂತೆ. "ಆ ಪುಣ್ಯಾತ್ಮ ನೀನೇ ಅಲ್ವಾ?"